ಊಟಕ್ಕೆ ಅರ್ಧ ಗಂಟೆ ಮೊದಲು

ಹುಬ್ಬಳ್ಳಿಯಲ್ಲಿ ದೊಡ್ಡ ಆಸ್ಪತ್ರೆಯೊಂದರ ಹತ್ತಿರ ಔಷಧಿ ಅಂಗಡಿ ಇಟ್ಟುಕೊಂಡವನು ನಾನು. ರಾತ್ರಿ ಹತ್ತರ ನಂತರ ಗ್ಯಾಸಿನ ಗುಳಿಗೆ ಕೇಳಿಕೊಂಡು ಬರುವವರಲ್ಲಿ ರೋಗಿಗಳಿಗಿಂತ ರೋಗಿಗಳನ್ನು ಕರೆತಂದವರೇ ಹೆಚ್ಚು. ಆಂಬುಲೆನ್ಸ್ ಚಾಲಕರು, 108ರ ತುರ್ತು ಸಹಾಯಕರು, ಅಪಘಾತದ ಕೇಸಿನ ಕಾಗದ ಹಿಡಿದು ಬಂದ ಪೊಲೀಸ್ ಪೇದೆಗಳು, ಒಮ್ಮೊಮ್ಮೆ ಹೊಗೆಯ ವಾಸನೆ ಇನ್ನೂ ಬಟ್ಟೆಯಲ್ಲೇ ಇರುವ ಅಗ್ನಿಶಾಮಕ ದಳದವರು. ಔಷಧಿಯ ಹೆಸರನ್ನೂ ಹೇಳುವುದಿಲ್ಲ. ಎದೆಯ ನಡುವೆ ಅಂಗೈ ಇಟ್ಟು ಕೆಳಗೆ ಸವರಿ ತೋರಿಸುತ್ತಾರೆ. ಚೀಟಿ ಕೇಳಿದರೆ ಯಾವ ಕಾಲದ್ದೋ ಒಂದು ಚೀಟಿಯ ಫೋಟೊವನ್ನು ಮೊಬೈಲಿನಲ್ಲಿ ಹುಡುಕಿ ಮುಂದೆ ಹಿಡಿಯುತ್ತಾರೆ.

ಇದಕ್ಕೆ ನಮ್ಮ ಕಡೆಯ ಮಂದಿಯ ಹತ್ತಿರ ಸಿದ್ಧ ಉತ್ತರವೊಂದಿದೆ: ‘ಮೆಣಸಿನಕಾಯಿ ಬಜಿ, ಸಾವಜಿ ಊಟ ಬಿಡಲಿ, ಎಲ್ಲ ಸರಿ ಹೋಗುತ್ತದೆ.’ ಡ್ಯೂಟಿ ಹಾಕುವ ಅಧಿಕಾರಿಗಳಿಗೂ ಈ ಉತ್ತರ ಬಹಳ ಇಷ್ಟ, ಏಕೆಂದರೆ ತಪ್ಪೆಲ್ಲ ನಾಲಿಗೆಯ ಮೇಲೆ ಬೀಳುತ್ತದೆ, ಡ್ಯೂಟಿ ಪಟ್ಟಿಯ ಮೇಲೆ ಬೀಳುವುದಿಲ್ಲ. ಖಾರದ ಪರವಾಗಿ ಒಂದೆರಡು ಮಾತು ಹೇಳಲೇಬೇಕು. ಖಾರ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುವುದಿಲ್ಲ. ಮೊದಲೇ ಎದೆಯುರಿ ಇದ್ದವರಿಗೆ ಉರಿ ಹೆಚ್ಚಾಗಬಹುದು, ಅದು ಬೇರೆ ಮಾತು. ಗದಗ-ಬೆಟಗೇರಿಯ ಮಗ್ಗದ ಮನೆಗಳಲ್ಲಿ ತಲೆಮಾರುಗಳಿಂದ ಇದೇ ಖಾರ ಉಂಡು ಬದುಕಿದವರಿದ್ದಾರೆ. ಅವರು ಹೊತ್ತಿಗೆ ಸರಿಯಾಗಿ ಕುಳಿತು ಉಣ್ಣುತ್ತಿದ್ದರು. ವ್ಯತ್ಯಾಸ ಇರುವುದು ಅಲ್ಲಿ.

ಹುಣ್ಣಿನ ಕಥೆಯೂ ಜನ ತಿಳಿದುಕೊಂಡ ಹಾಗಿಲ್ಲ. ಒಂದು ಕಾಲದಲ್ಲಿ ವೈದ್ಯರೇ ಹೊಟ್ಟೆಹುಣ್ಣಿಗೆ ಚಿಂತೆ ಮತ್ತು ಖಾರವೇ ಕಾರಣ ಎನ್ನುತ್ತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1980ರ ದಶಕದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಮೇಲೆ ಬೆರಳಿಟ್ಟು ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು ಹೊಟ್ಟೆಯ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ನೋವಿನ ಗುಳಿಗೆ. ಈ ಎರಡನೆಯದನ್ನು ನಾನು ಕೌಂಟರಿನಲ್ಲಿ ನಿತ್ಯ ಕಾಣುತ್ತೇನೆ. ಗುಂಡಿ ಬಿದ್ದ ರಸ್ತೆಯಲ್ಲಿ ಆಂಬುಲೆನ್ಸ್ ಓಡಿಸಿದವನಿಗೆ, ಮೂರನೇ ಮಹಡಿಯಿಂದ ಸ್ಟ್ರೆಚರ್ ಇಳಿಸಿದವನಿಗೆ ಸೊಂಟ ನೋಯದೆ ಇರುತ್ತದೆಯೇ? ಡೈಕ್ಲೋಫಿನಾಕ್ ನುಂಗುತ್ತಾನೆ, ಅದೂ ಖಾಲಿ ಹೊಟ್ಟೆಯಲ್ಲಿ, ಮೇಲೊಂದು ಕಟಿಂಗ್ ಚಹಾ. ಆಮೇಲೆ ಹೊಟ್ಟೆ ಉರಿಯುತ್ತದೆಂದು ಗ್ಯಾಸಿನ ಗುಳಿಗೆ. ಮೊದಲನೆಯದನ್ನು ಬಿಡಿಸದೆ ಎರಡನೆಯದನ್ನು ಕೊಡುತ್ತಾ ಹೋಗುವುದು ನನ್ನ ವ್ಯಾಪಾರಕ್ಕೆ ಒಳ್ಳೆಯದು, ಅವನ ಹೊಟ್ಟೆಗಲ್ಲ.

ಹಾಗೆಂದು ಒತ್ತಡಕ್ಕೂ ಹೊಟ್ಟೆಗೂ ಸಂಬಂಧವೇ ಇಲ್ಲ ಎಂದುಕೊಳ್ಳಬೇಡಿ. ಅನ್ನನಾಳದಿಂದ ಗುದದ್ವಾರದವರೆಗೆ ಜೀರ್ಣಾಂಗದ ಗೋಡೆಯಲ್ಲೇ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ವೇಗಸ್ ನರದ ಮೂಲಕ ಅವು ಮೆದುಳಿನೊಂದಿಗೆ ಹಗಲಿರುಳು ಸುದ್ದಿ ವಿನಿಮಯ ಮಾಡುತ್ತಿರುತ್ತವೆ. ಕರೆ ಬಂತು, ಸೈರನ್ ಹಾಕಿದರು ಎಂದರೆ ದೇಹ ಮೊದಲು ಮುಂದಕ್ಕೆ ಹಾಕುವ ಕೆಲಸ ಜೀರ್ಣಕ್ರಿಯೆ. ಬಾಯಿ ಒಣಗುತ್ತದೆ, ರಕ್ತ ಹೊಟ್ಟೆಯಿಂದ ಕೈಕಾಲಿಗೆ ಹರಿಯುತ್ತದೆ, ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ದೊಡ್ಡ ಕರುಳು ಮಾತ್ರ ಚುರುಕಾಗುತ್ತದೆ. ಆದ್ದರಿಂದಲೇ ಮೇಲೆ ಹೊಟ್ಟೆಯುಬ್ಬರ, ಹುಳಿತೇಗು. ಕೆಳಗೆ ಹೊತ್ತಲ್ಲದ ಹೊತ್ತಿನಲ್ಲಿ ಅವಸರ. ವರ್ಷಕ್ಕೊಮ್ಮೆ ಹೀಗಾದರೆ ದೇಹ ಸುಧಾರಿಸಿಕೊಳ್ಳುತ್ತದೆ. ಒಂದೇ ಪಾಳಿಯಲ್ಲಿ ಮತ್ತೆ ಮತ್ತೆ ಆದರೆ ಕರುಳಿನ ನರಗಳೇ ಅತಿಸೂಕ್ಷ್ಮವಾಗುತ್ತವೆ. ಆಮೇಲೆ ಎಂಡೋಸ್ಕೋಪಿಯಲ್ಲಿ ಏನೂ ಕಾಣಿಸುವುದಿಲ್ಲ, ನೋವು ಮಾತ್ರ ಹೋಗುವುದಿಲ್ಲ. ‘ನಿನಗೇನೂ ಆಗಿಲ್ಲ, ಟೆನ್ಶನ್ ಬಿಡು’ ಎಂದು ಕಳಿಸುತ್ತಾರೆ. ಟೆನ್ಶನ್ನಿಗೇ ಸಂಬಳ ಪಡೆಯುವವನು ಅದನ್ನು ಎಲ್ಲಿ ಬಿಡಬೇಕು?

ಇಲ್ಲಿನ ಕೆಲಸ ಎಂಥದು ಎಂಬುದನ್ನೂ ಸ್ವಲ್ಪ ನೋಡಿ. ಗದಗ, ಹಾವೇರಿ, ಕೊಪ್ಪಳ, ಅರಬೈಲು ಘಟ್ಟ ಹತ್ತಿ ಬರುವ ಕಾರವಾರ, ಎಲ್ಲ ಕಡೆಯಿಂದಲೂ ಕೈ ಮೀರಿದ ರೋಗಿಯನ್ನು ತರುವುದು ಹುಬ್ಬಳ್ಳಿಗೆ. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದಾಗ ದಿನಗಟ್ಟಲೆ ಅವಶೇಷದೊಳಗೆ ಕೈ ಹಾಕಿದವರು, 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ಬೈಪಾಸಿನಲ್ಲಿ ಅಪಘಾತಕ್ಕೆ ಸಿಕ್ಕ ಟೆಂಪೊದಿಂದ ಹೆಣ್ಣುಮಕ್ಕಳ ದೇಹಗಳನ್ನು ಇಳಿಸಿದವರು ಇವರೇ. ಅಂಥ ದಿನ ಬುತ್ತಿ ಬಿಚ್ಚಿದರೂ ತುತ್ತು ಇಳಿಯುವುದಿಲ್ಲ. ಊರು ಒಂದು ವಾರ ಮಾತಾಡಿ ಮರೆಯಿತು, ಅವರ ಹೊಟ್ಟೆ ಮರೆತಿರಲಾರದು.

ಹೆಣ್ಣುಮಕ್ಕಳ ಪಾಡು ಇನ್ನೊಂದು ತೆರ. ಗಣಪತಿ ವಿಸರ್ಜನೆಯ ಬಂದೋಬಸ್ತಿಗೆ ನಿಂತ ಮಹಿಳಾ ಪೇದೆಗೆ ಮೆರವಣಿಗೆ ಮುಗಿಯುವವರೆಗೆ ಶೌಚಾಲಯ ಎಲ್ಲಿದೆ? ಇಲ್ಲದ ಕಾರಣ ನೀರು ಕುಡಿಯುವುದನ್ನೇ ಬಿಡುತ್ತಾರೆ. ನೀರು ಬಿಟ್ಟರೆ ಮಲಬದ್ಧತೆ, ಅದು ಬಲಿತರೆ ಮೂಲವ್ಯಾಧಿ. ಮುಲಾಮು ಕೇಳುವಾಗ ದನಿ ತಗ್ಗಿಸುತ್ತಾರೆ. ದನಿ ತಗ್ಗಿಸಬೇಕಾದವರು ಅವರಲ್ಲ.

ಗ್ಯಾಸಿನ ಗುಳಿಗೆ ಎಂದು ಇವರು ಕೇಳುವುದು ಹೆಚ್ಚಾಗಿ ಪ್ಯಾಂಟೊಪ್ರಜೋಲ್. ಅದು ಕೆಲಸ ಮಾಡುವ ಬಗೆಯೇ ಊಟವನ್ನು ನಂಬಿಕೊಂಡಿದೆ. ಉಂಡಾಗ ಜಠರದ ಆಮ್ಲದ ಪಂಪುಗಳು ಚಾಲೂ ಆಗುತ್ತವೆ, ಚಾಲೂ ಆದ ಪಂಪನ್ನೇ ಈ ಔಷಧಿ ಹಿಡಿದು ನಿಲ್ಲಿಸುವುದು. ಅದಕ್ಕಾಗಿಯೇ ‘ಊಟಕ್ಕೆ ಅರ್ಧ ಗಂಟೆ ಮೊದಲು’ ಎಂದು ಕವರಿನ ಮೇಲೆ ಬರೆದು ಕೊಡುತ್ತೇವೆ. ಒಮ್ಮೆ ಹಾಗೆ ಬರೆಯುತ್ತಿದ್ದಾಗ ಒಬ್ಬ ಆಂಬುಲೆನ್ಸ್ ಚಾಲಕ ನನ್ನ ಪೆನ್ನನ್ನೇ ನೋಡುತ್ತಾ ನಿಂತಿದ್ದ. ‘ಊಟ ಯಾವಾಗ ಎಂದು ನನಗೇ ಗೊತ್ತಿಲ್ಲ, ಅದಕ್ಕೆ ಅರ್ಧ ಗಂಟೆ ಮೊದಲು ಯಾವಾಗ ಎಂದು ಹೇಗೆ ಹೇಳಲಿ ಸರ್?’ ಎಂದ. ವ್ಯಂಗ್ಯವಲ್ಲ, ನಿಜವಾಗಿ ಕೇಳಿದ್ದ. ನಾನು ಕವರನ್ನು ಹಾಗೆಯೇ ಕೊಟ್ಟೆ. ಅವನು ಗುಳಿಗೆಯನ್ನು ಅಲ್ಲೇ ನೀರಿಲ್ಲದೆ ನುಂಗಿ ಹೋದ.

ಬಹಳ ಜನ ಇದನ್ನು ವರ್ಷಾನುಗಟ್ಟಲೆ ನುಂಗುತ್ತಾರೆ. ಬೇಕಾದವರಿಗೆ ಒಳ್ಳೆಯ ಔಷಧಿಯೇ, ಆದರೆ ಕೇಳುವವರಿಲ್ಲದೆ ಸಾಗಿದರೆ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು. ಹೆಸರಿನ ಕೊನೆಗೆ ‘ಡಿ’ ಅಂಟಿಕೊಂಡ ಗುಳಿಗೆಯಲ್ಲಿ ಡೊಂಪೆರಿಡೋನ್ ಕೂಡ ಇರುತ್ತದೆ, ಅದು ಹೃದಯದ ಬಡಿತದ ಲಯ ಕೆಡಿಸಬಹುದಾದ ಔಷಧಿ. ತಿಂಗಳಾನುಗಟ್ಟಲೆ ತಾವಾಗಿಯೇ ನುಂಗುವಂಥದ್ದಲ್ಲ. ಕಪ್ಪಗೆ ಡಾಂಬರಿನಂತೆ ಮಲ ಹೋದರೆ, ರಕ್ತ ವಾಂತಿಯಾದರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ನನ್ನ ಅಂಗಡಿಗೆ ಬರಬೇಡಿ, ನೇರ ವೈದ್ಯರ ಹತ್ತಿರ ಹೋಗಿ.

ಇನ್ನೊಂದು ಮಾತು, ಇದು ಸ್ವಲ್ಪ ಸಿಟ್ಟಿನಿಂದಲೇ. ‘ಗ್ಯಾಸ್ ಎಂದು ಸೋಡಾ ಕುಡಿದು ಮಲಗಿದ್ದರು’ ಎಂದು ಮನೆಯವರು ಹೇಳುವ ಹೃದಯಾಘಾತದ ರೋಗಿಗಳನ್ನು ಹೊತ್ತು ತರುವುದೇ ಇವರ ಕೆಲಸ. ಹೃದಯದ ಕೆಳಗೋಡೆಗೆ ಏಟು ಬಿದ್ದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಬಹುದು ಎಂದು ತರಬೇತಿಯಲ್ಲಿ ಕಲಿತವರೂ ಇವರೇ. ತಮಗೆ ಬೆವರು ಬಂದು ಎದೆ ಹಿಡಿದಾಗ ಮಾತ್ರ ಈನೋ ಪುಡಿ ಕೇಳಿಕೊಂಡು ಬರುತ್ತಾರೆ. ನೂರು ಹೆಜ್ಜೆ ಆಚೆ ಇಸಿಜಿ ಯಂತ್ರವಿದೆ. ‘ಮೊದಲು ಅಲ್ಲಿಗೆ ಹೋಗಿ’ ಎಂದರೆ ‘ಗಾಡಿ ಬಿಟ್ಟು ಹೇಗೆ ಹೋಗಲಿ’ ಎನ್ನುತ್ತಾರೆ.

ಕರ್ನಾಟಕದಲ್ಲಿ 108 ಸೇವೆ ಶುರುವಾಗಿದ್ದು 2008ರ ನವೆಂಬರ್ 1ರಂದು. ಕರೆ ಬಂದ ಎಷ್ಟು ನಿಮಿಷಕ್ಕೆ ಗಾಡಿ ಹೊರಟಿತು, ಎಷ್ಟು ನಿಮಿಷಕ್ಕೆ ತಲುಪಿತು ಎಂಬ ಲೆಕ್ಕ ಎಲ್ಲರಿಗೂ ಬೇಕು. ಉಂಡರೇ ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಐದು ಗಂಟೆಗಿಂತ ಹೆಚ್ಚು ಸತತವಾಗಿ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಎಂದು ಬರೆದಿದ್ದರು. ತಾರಿಹಾಳದ ಕಾರ್ಖಾನೆಯಲ್ಲಿ ಬೋಲ್ಟ್ ಬಿಗಿಯುವವನ ಹೊಟ್ಟೆಗೆ ಇದ್ದ ಆ ಬೆಲೆ ಜೀವ ಉಳಿಸುವವನ ಹೊಟ್ಟೆಗೆ ಏಕಿಲ್ಲ?

‘ಅವರು ಊಟಕ್ಕೆ ಕುಳಿತಾಗ ಕರೆ ಬಂದರೆ ರೋಗಿ ಸಾಯಬೇಕೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಸಾಯಬೇಕಿಲ್ಲ. ಒಂದು ಗಾಡಿಯವರು ಉಣ್ಣುವಾಗ ಪಕ್ಕದ ಠಾಣೆಯ ಗಾಡಿ ಆ ಭಾಗವನ್ನೂ ನೋಡಿಕೊಳ್ಳುವಂತೆ ಸರದಿ ಹಾಕಬಹುದು. ಗಾಡಿಗಳು ಸಾಲುವುದಿಲ್ಲ ಎಂದರೆ ಅದು ಗಾಡಿಗಳ ಕೊರತೆ, ಅದನ್ನು ಚಾಲಕನ ಜಠರದಿಂದ ತುಂಬಿಸಿಕೊಳ್ಳುವುದು ಯಾವ ನ್ಯಾಯ? ಇನ್ನು ಆಸ್ಪತ್ರೆಯ ಬಾಗಿಲಲ್ಲಿ ಟ್ರಾಲಿ ಖಾಲಿಯಾಗಲೆಂದು ರೋಗಿಯೊಂದಿಗೆ ನಿಲ್ಲಿಸಿಕೊಳ್ಳುವ ಹೊತ್ತನ್ನು ಕಡಿಮೆ ಮಾಡಿದರೂ ಒಂದು ಊಟದ ಹೊತ್ತು ಸಿಗುತ್ತದೆ. ಸ್ಟ್ರೆಚರ್ ಹಿಡಿದು ನಿಂತವರನ್ನು ನನ್ನ ಕೌಂಟರಿನಿಂದಲೇ ನೋಡುತ್ತಿರುತ್ತೇನೆ.

ಅಲ್ಲಿಯವರೆಗೆ ಆಗುವಷ್ಟನ್ನು ಮಾಡಿಕೊಳ್ಳಿ. ರಾತ್ರಿ ಪಾಳಿಯವರು ಪಾಳಿ ಶುರುವಾಗುವ ಮೊದಲೇ ಹೊಟ್ಟೆ ತುಂಬ ಉಂಡು ಬನ್ನಿ. ರಾತ್ರಿ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಒಂದು ಗಂಟೆಗೆ ಭರ್ಜರಿ ಊಟ ಹೊಡೆದು ಗಾಡಿಯ ಸೀಟಿನಲ್ಲೇ ಒರಗಿದರೆ ಎದೆಯುರಿ ತಪ್ಪಿದ್ದಲ್ಲ. ನಡುವೆ ಬಾಳೆಹಣ್ಣು, ಮೊಸರನ್ನ, ರೊಟ್ಟಿ ಸಾಕು. ನೋವಿನ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡಿ.

ನಮ್ಮ ಬೀದಿಯ ಖಾನಾವಳಿಯವರೊಂದಿಗೆ ಮಾತನಾಡಿದ್ದೇನೆ. ರಾತ್ರಿ ಬಾಗಿಲು ಹಾಕುವ ಮೊದಲು ಕೆಲವು ರೊಟ್ಟಿ, ಕಾಳುಪಲ್ಯ, ಮಜ್ಜಿಗೆಯ ಪೊಟ್ಟಣ ಕಟ್ಟಿ ನನ್ನ ಅಂಗಡಿಯಲ್ಲಿ ಇಡಲು ಒಪ್ಪಿದ್ದಾರೆ, ಹಣ ಅವರಿಗೇ ಸೇರುತ್ತದೆ. ಸಮವಸ್ತ್ರದಲ್ಲಿ ಇರುವವರು ಯಾರೇ ಬಂದರೂ ಮೊದಲು ಪೊಟ್ಟಣ ಕೊಡುತ್ತೇನೆ, ಗುಳಿಗೆಯ ಮಾತು ಆಮೇಲೆ. ಬೇರೆ ಆಸ್ಪತ್ರೆಗಳ ಎದುರಿನ ಅಂಗಡಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಸಂದೇಶ ಕಳುಹಿಸಿ, ಹೇಗೆ ಹೊಂದಿಸಿಕೊಂಡೆವೆಂದು ಹೇಳುತ್ತೇನೆ.