ಮರ ಒಂದು, ಮರಿ ನೂರೊಂದು

ಆಕಾಶಮಲ್ಲಿಗೆ ಮರವನ್ನು ಯಾರಾದರೂ ಹೊಗಳಿದರೆ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ. "ಮರ ಬೀದಿಯಲ್ಲಿದೆಯಾ, ನಿಮ್ಮ ಕಾಂಪೌಂಡಿನೊಳಗೆ ಇದೆಯಾ?" ಬೀದಿಯಲ್ಲಿದೆ ಅಂದರೆ ಮಾತು ಮುಂದುವರಿಸುವುದಿಲ್ಲ. ಅವರಿಗೆ ಹೂವು ಮಾತ್ರ ಗೊತ್ತು.

ಹೂವಿನ ಮಟ್ಟಿಗೆ ಅದರ ಮೇಲೆ ನನ್ನ ತಕರಾರೇನೂ ಇಲ್ಲ. ಮಳೆಗಾಲ ಮುಗಿಯುತ್ತಿದ್ದ ಹಾಗೆ ರಾತ್ರಿ ಹೊತ್ತು ಅರಳಿ, ಬೀದಿಗೆಲ್ಲ ಘಮ ಹಂಚಿ, ಬೆಳಗ್ಗೆ ಅಂಗಳದ ತುಂಬ ಬಿಳಿ ಹೂವು ಉದುರಿಸುತ್ತದೆ. ಉದ್ದ ಕೊಳವೆಯ ಹೂವು. ದಾರ ಬೇಡ, ಒಂದಕ್ಕೊಂದು ಸುತ್ತಿ ಹಾಗೇ ಮಾಲೆ ಹೆಣೆಯಬಹುದು. ತೊಗಟೆ ಬೆಂಡು ಬೆಂಡಾಗಿರುವುದರಿಂದ ಇದನ್ನು ಬಿರಟೆ ಮರ ಅಂತಲೂ ಕರೆಯುತ್ತಾರೆ. ಬರ್ಮಾ ಕಡೆಯ ಮರ. ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಜಾಗ ಜಾಸ್ತಿ ಬೇಡ ಅಂತ ಅಪ್ಪ ಮೈಸೂರಲ್ಲಿ ಮನೆ ಕಟ್ಟಿಸಿದ ವರ್ಷ ಮೂಲೆಯಲ್ಲಿ ಒಂದು ನೆಟ್ಟರು. ಮರ ಮೇಲಕ್ಕೆ ಹೋದದ್ದು ನಿಜ. ಜಾಗದ ವಿಷಯದಲ್ಲಿ ಅಪ್ಪ ಲೆಕ್ಕ ಹಾಕಿದ್ದು ನೆಲದ ಮೇಲಿನದು ಮಾತ್ರ.

ಇದರ ಇನ್ನೊಂದು ಗುಣ, ಮರ ಬಲು ಪೆಡಸು. ಜೋರು ಗಾಳಿಗೆ ಲಟಕ್ಕನೆ ಮುರಿಯುತ್ತದೆ. ನಮ್ಮದು ಒಂದು ಭರಣಿ ಮಳೆಯ ಗಾಳಿಗೆ ಅರ್ಧ ಮುರಿದು ಎದುರುಮನೆ ಮೇಷ್ಟ್ರ ಸ್ಕೂಟರ್ ಮೇಲೆ ಬಿತ್ತು. ಸ್ಕೂಟರ್ ಅದಕ್ಕೆ ಮುಂಚೆಯೂ ಸ್ಟಾರ್ಟ್ ಆಗುತ್ತಿರಲಿಲ್ಲ, ಆ ಮಾತು ಬೇರೆ. ಉಳಿದರ್ಧ ಕಡಿಸಬೇಕಾಯಿತು. ನಮ್ಮದೇ ಸೈಟಿನ ಮರ ಆದರೂ ಸುಮ್ನೆ ಕಡಿಯೋ ಹಾಗಿಲ್ಲ. 1976ರ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮುಂತಾದವಕ್ಕೆ ವಿನಾಯಿತಿ ಇದೆ. ಆಕಾಶಮಲ್ಲಿಗೆಗೆ ಇಲ್ಲ. ಅರ್ಜಿ ಕೊಟ್ಟೆವು, ಬಂದು ನೋಡಿದರು, ಕಾಗದ ಸಿಕ್ಕಿತು. ಮರ ಕಡಿಯೋರು ಮೆಷಿನ್ ಗರಗಸ ತಂದು ಸಂಜೆಯೊಳಗೆ ಮರವನ್ನು ಲಾರಿಗೆ ಹಾಕಿದರು.

ಮೊಣಕಾಲೆತ್ತರದ ಬೊಡ್ಡೆ ಹಾಗೇ ಉಳಿಯಿತು.

"ಇದು?" ಅಂದೆ.

"ಬೊಡ್ಡೆ ನಮ್ಮ ಲೆಕ್ಕಕ್ಕೆ ಬರಲ್ಲ ಸಾರ್. ಇರ್ಲಿ ಬಿಡಿ, ಮೇಲೊಂದು ಹೂಕುಂಡ ಇಟ್ರೆ ಶೋ ಆಗಿರುತ್ತೆ."

ಹೂಕುಂಡ ಇಟ್ಟೆವು. ಭರಣಿ ಮಳೆ ಸುರಿದರೆ ಧರಣಿಯೆಲ್ಲಾ ಬೆಳೆ ಅಂತ ಗಾದೆ ಇದೆಯಲ್ವಾ, ನಮ್ಮ ಪಾಲಿನ ಧರಣಿ ಅಂದರೆ ಅಂಗಳ. ಅಲ್ಲಿ ಬೆಳೆ ಬಂತು. ಮೊದಲು ಬೊಡ್ಡೆಯ ಸುತ್ತ ಚಿಗುರೆದ್ದಿತು. ಅದು ನಿರೀಕ್ಷಿಸಿದ್ದೇ. ಆಮೇಲೆ ಗುಲಾಬಿ ಪಾತಿಯಲ್ಲಿ ಒಂದು ತಲೆ. ಸಂಪಿನ ಮುಚ್ಚಳದ ಸಂದಿಯಲ್ಲಿ ಒಂದು. ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಮೂರು. ಗೇಟಿನ ಹತ್ತಿರ ಟೈಲ್ಸ್ ಎತ್ತಿಕೊಂಡು ಒಂದು. ಬೀಜ ಬಿದ್ದು ಹುಟ್ಟಿದವಲ್ಲ ಇವು. ಈ ಮರ ನಮ್ಮ ಕಡೆ ಕಾಯಿ ಕಟ್ಟೋದೇ ಅಪರೂಪ. ಎಲ್ಲವೂ ಬೇರಿನಿಂದ ಎದ್ದ ಮರಿಗಳು. ಮರ ಇದ್ದಾಗ ಅಲ್ಲೊಂದು ಇಲ್ಲೊಂದು ಬರುತ್ತಿತ್ತು, ಕಿತ್ತು ಹಾಕುತ್ತಿದ್ದೆವು. ಮರ ಹೋದ ಮೇಲೆ ಮಾತ್ರ ಯಾಕೋ ಎಲ್ಲ ಒಟ್ಟಿಗೆ ಎದ್ದು ನಿಂತವು.

ಒಂದು ಮರಿಯಂತೂ ತುಳಸಿಕಟ್ಟೆಯೊಳಗೇ ಬಂತು. ಕೀಳಲು ಕೈ ಹಾಕಿದೆ.

"ಮುಟ್ಟಬೇಡ" ಅಂದರು ಅಮ್ಮ. "ತುಳಸಿಕಟ್ಟೇಲಿ ಹುಟ್ಟಿರೋದು ಕಣೋ. ಏನೋ ಕಾರಣ ಇರುತ್ತೆ."

"ಕಾರಣ ಆ ಬೊಡ್ಡೆ ಅಮ್ಮ."

"ಶುಕ್ರವಾರ ಬೇರೆ."

ಶನಿವಾರ ಕೀಳೋಣ ಅಂತ ಹೋದರೆ ಶನಿವಾರ ಬೇಡ ಅಂದರು. ನಮ್ಮ ಮನೆ ಪಂಚಾಂಗದಲ್ಲಿ ಮರಿ ಕೀಳಲು ಒಳ್ಳೆ ದಿನವೇ ಇರಲಿಲ್ಲ. ಕೊನೆಗೆ ತುಳಸಿಯೇ ಸೊರಗಲು ಶುರುವಾದ ಮೇಲೆ ಅಮ್ಮ ಒಂದು ಮಧ್ಯಾಹ್ನ ಯಾರಿಗೂ ಹೇಳದೆ ತಾವೇ ಅದನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. ನಾನೂ ಕೇಳಲಿಲ್ಲ.

ನಿಮ್ಮ ಮನೆಯಲ್ಲಿ ಮದುವೆಗಿರುವ ಮಕ್ಕಳಿದ್ದರೆ ಬೀದಿಯವರು ಹೇಗೆ ಸಲಹೆ ಕೊಡುತ್ತಾರೋ, ಕೀಳಬೇಕಾದ ಬೊಡ್ಡೆ ಇದ್ದರೂ ಹಾಗೇ ಕೊಡುತ್ತಾರೆ ಅನ್ನೋದು ನನಗೆ ಆಗ ಗೊತ್ತಾಯಿತು. ವಾಕಿಂಗ್ ಹೋಗುವವರು ಗೇಟಿನ ಹತ್ತಿರ ನಿಂತು, ಸ್ವಲ್ಪ ಹೊತ್ತು ಬೊಡ್ಡೆ ನೋಡಿ, ಒಂದು ಔಷಧ ಹೇಳಿ ಮುಂದೆ ಹೋಗುತ್ತಿದ್ದರು.

ಮೇಷ್ಟ್ರದು ಇಂಗಿನ ಪ್ರಯೋಗ. ಬೊಡ್ಡೆಗೆ ತೂತು ಕೊರೆದು ಇಂಗು ತುಂಬಿದರೆ ಎಂಥಾ ಮರವಾದರೂ ಒಣಗುತ್ತೆ ಅನ್ನೋದು ಅವರ ಅಜ್ಜನ ಕಾಲದಿಂದ ಬಂದ ಮಾತು. ಪಾದರಸ ಅಂತಲೂ ಹೇಳುವವರಿದ್ದಾರೆ. ಅದನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ, ಅದು ವಿಷ. ಇಂಗಿನಿಂದ ಅಪಾಯವಿಲ್ಲ, ಬೆಲೆ ಒಂದು ಬಿಟ್ಟು. ಮೇಷ್ಟ್ರು ಸ್ಕೂಟರ್ ವಿಷಯ ಇನ್ನೂ ಮರೆತಿರಲಿಲ್ಲವಾದ್ದರಿಂದ ಇಲ್ಲ ಅನ್ನಲಾಗಲಿಲ್ಲ. ಡ್ರಿಲ್ ತಂದು ಕೊರೆದು, ಅಡುಗೆಮನೆಯ ಇಂಗಿನ ಡಬ್ಬಿ ಪೂರ್ತಿ ಸುರಿದು, ಮೇಲೆ ಸಗಣಿ ಮೆತ್ತಿದೆವು. ಆ ವಾರ ನಮ್ಮನೆ ಸಾರಿಗೆ ಇಂಗಿನ ಒಗ್ಗರಣೆ ಇರಲಿಲ್ಲ. ಅಂಗಳದಲ್ಲಿ ಮಾತ್ರ ರಸಂ ಪರಿಮಳ. ಎಲ್ಲಾ ಮುಗಿದು ಕೆಲವು ದಿನಕ್ಕೆ ಕೊರೆದ ತೂತಿನ ಪಕ್ಕದಲ್ಲೇ ಹೊಸ ಚಿಗುರು. ಅದನ್ನು ನೋಡುತ್ತಾ ನಿಂತಿದ್ದೆ.

"ಮರಕ್ಕೇನೂ ಆಗಿಲ್ಲ. ನೀವು ಯಾಕ್ರೀ ಇಂಗು ತಿಂದ ಮಂಗನ ಹಾಗೆ ನಿಂತಿದೀರಾ?" ಅಂದಳು ಹೆಂಡತಿ.

ಪಕ್ಕದ ಬೀದಿಯವರೊಬ್ಬರು ಕಲ್ಲುಪ್ಪು ಹಾಕಿ ಅಂದರು. ಬೇಡವೆಂದೆ. ಬೊಡ್ಡೆಯ ನಡುವಿನ ಭಾಗ ಹೇಗೂ ಸತ್ತ ಕಟ್ಟಿಗೆ. ಜೀವ ಇರೋದು ತೊಗಟೆಯ ಒಳಮಗ್ಗುಲಿನ ತೆಳು ಪದರದಲ್ಲಿ. ನಡುವೆ ಉಪ್ಪು ತುಂಬಿದರೆ ಅದು ಮಳೆಗೆ ಕರಗಿ ಮಣ್ಣಿಗಿಳಿದು ಗುಲಾಬಿಯನ್ನೂ ದಾಸವಾಳವನ್ನೂ ಕೊಲ್ಲುತ್ತದೆ, ಮರಿಗಳು ಆರಾಮಾಗಿರುತ್ತವೆ. ಇನ್ನೊಬ್ಬರು ಭತ್ತದ ಹೊಟ್ಟು ಸುರಿದು ಬೆಂಕಿ ಹಾಕಿದರೆ ಒಳಗೊಳಗೇ ಸುಟ್ಟು ಬೂದಿಯಾಗುತ್ತೆ ಅಂದರು. ಹಸಿ ಬೊಡ್ಡೆ ಸುಡುವುದಿಲ್ಲ, ಹೊಗೆಯುತ್ತದೆ. ಇಡೀ ಹಗಲು ಹೊಗೆಯಿತು. ಪಕ್ಕದ ಮನೆ ಆಂಟಿ ಆವತ್ತೇ ತಾರಸಿ ಮೇಲೆ ಅರಳು ಸಂಡಿಗೆ ಇಟ್ಟಿದ್ದರು. ಮರುದಿನ ಒಂದು ಡಬ್ಬಿ ಸಂಡಿಗೆ ನಮ್ಮ ಮನೆಗೆ ಬಂತು. ಕರಿದರೆ ಬೀಡಿ ವಾಸನೆ. ಪ್ರೀತಿಯಿಂದ ಕೊಟ್ಟರೋ ಸಾಕ್ಷಿ ಅಂತ ಕೊಟ್ಟರೋ ಇವತ್ತಿಗೂ ಗೊತ್ತಾಗಿಲ್ಲ.

ಆಮೇಲೆ ಜೆಸಿಬಿ. ಡ್ರೈವರ್ ಬಂದು ಬೊಡ್ಡೆ ನೋಡಿ, "ಐದು ನಿಮಿಷದ ಕೆಲಸ ಸಾರ್" ಅಂದ. ನಮಗೆಲ್ಲ ಸಮಾಧಾನವಾಯಿತು. ಅವನು ಗೇಟಿನ ಹತ್ತಿರ ಹೋಗಿ ಎರಡೂ ಕೈ ಚಾಚಿ ಅಳತೆ ನೋಡಿದ. "ಕಾಂಪೌಂಡ್ ಒಡೀಬೇಕಾಗುತ್ತೆ. ಅದೂ ಐದೇ ನಿಮಿಷ." ಕಟ್ಟೋದು ಎಷ್ಟು ನಿಮಿಷ ಅಂತ ಕೇಳಿದರೆ ಅದು ಗಾರೆಯವರನ್ನು ಕೇಳಬೇಕು ಅಂದ.

ಹಾಗಾಗಿ ಗುದ್ದಲಿ, ಪಿಕಾಸಿ, ಹಾರೆ ಹಿಡಿದವರೇ ಬಂದರು. ಇಬ್ಬರೂ ಗಟ್ಟಿಗರು. ಬೊಡ್ಡೆಯ ಸುತ್ತ ಗುಂಡಿ ತೋಡಿ, ಸಿಕ್ಕ ಬೇರನ್ನೆಲ್ಲ ಕಚಕಚ ಕಡಿದರು. ಅದರಲ್ಲಿ ಒಂದು ಬೇರು ಬೇರಾಗಿರಲಿಲ್ಲ, ನಲ್ಲಿ ಪೈಪಾಗಿತ್ತು. ಸರಿಯಾಗಿ ನೀರು ಬಿಡುವ ಹೊತ್ತು. ಗುಂಡಿ ತುಂಬಿತು, ಅಂಗಳ ತುಂಬಿತು, ಗೇಟು ದಾಟಿ ರಸ್ತೆಗೆ ಹೋಯಿತು. ನೀರಿಲ್ಲದೆ ಒಣಗುತ್ತಿದ್ದ ಪಾರ್ಕಿನ ಹುಲ್ಲು ಅವತ್ತು ನಮ್ಮಿಂದ ಹಸಿರಾಯಿತು. ಪ್ಲಂಬರ್ ಬರುವಷ್ಟರಲ್ಲಿ ಅವರಿಬ್ಬರೂ ಊಟಕ್ಕೆ ಹೋಗಿದ್ದರು. ಊಟದಿಂದ ವಾಪಸ್ ಬಂದ ನೆನಪಿಲ್ಲ. ಬೊಡ್ಡೆ ಅರ್ಧ ಬುಡ ತೋರಿಸಿಕೊಂಡು ಕೆಸರಿನ ನಡುವೆ ಕೂತಿತ್ತು.

ಕಡಿದ ಒಂದೊಂದು ಬೇರಿನ ತುಂಡಿನಿಂದಲೂ ಮುಂದಿನ ತಿಂಗಳು ಮರಿ ಎದ್ದವು.

ಇದೇನು ಕಥೆ ಅಂತ ನನಗೆ ಬಿಡಿಸಿ ಹೇಳಿದ್ದು ಭಾವ. ಅಕ್ಕನ ಯಜಮಾನರು, ಕೃಷಿ ಓದಿದವರು. ಶಿವಮೊಗ್ಗದಿಂದ ಬಂದವರು ಕಾಫಿ ಲೋಟ ಹಿಡಿದೇ ಅಂಗಳಕ್ಕಿಳಿದರು. ಒಂದು ಮರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೆರಳಿಂದ ಮಣ್ಣು ಸರಿಸಿದರು. ನಾಲ್ಕು ಬೆರಳಿನಷ್ಟೂ ಆಳವಿಲ್ಲ. ಅಲ್ಲಿ ಹೆಬ್ಬೆರಳು ಗಾತ್ರದ ಬೇರೊಂದು ಅಡ್ಡಡ್ಡ ಮಲಗಿತ್ತು. ಮೈಮೇಲೆ ಅಲ್ಲಲ್ಲಿ ಸಣ್ಣ ಗಂಟು. ಕೆಲವು ಗಂಟು ಒಡೆದು ಬೆಳ್ಳಗಿನ ಮೊನೆ ಹೊರಬಂದಿತ್ತು. ಪಿಕಾಸಿ ತಗುಲಿ ಗಾಯವಾದ ಕಡೆ ಮಾತ್ರ ಮೊನೆಗಳು ಒತ್ತೊತ್ತಾಗಿ ಗುಂಪು ಕಟ್ಟಿದ್ದವು.

"ನೋಡಪ್ಪ" ಅಂದರು ಭಾವ. "ಮರ ಇದ್ದಾಗ ಮೇಲಿನ ಕುಡಿಯಿಂದ ಆಕ್ಸಿನ್ ಅನ್ನೋ ಹಾರ್ಮೋನು ಕೆಳಗಿಳೀತಾ ಇರುತ್ತೆ. ಅದು ಇರೋವರೆಗೂ ಬೇರಿನ ಮೊಗ್ಗು ಅಷ್ಟಾಗಿ ತಲೆ ಎತ್ತಲ್ಲ. ನೀವು ಮರ ಕಡಿದ್ರಿ, ಅದು ನಿಂತುಹೋಯ್ತು. ಬೇರಲ್ಲಿ ವರ್ಷಗಟ್ಟಲೆ ಕೂಡಿಟ್ಟ ಪಿಷ್ಟ ಇದೆ. ಎದ್ದವು. ಗಾಯ ಮಾಡಿದಷ್ಟೂ ಇನ್ನೂ ಜಾಸ್ತಿ ಏಳ್ತವೆ."

"ಹಾಗಾದ್ರೆ ಏನೂ ಮಾಡ್ಬಾರ್ದಾ ಭಾವ?"

"ಕತ್ತರಿಸ್ಬೇಡ. ಕತ್ತರಿಸಿದ್ರೆ ಬುಡದ ಮೊಗ್ಗು ಉಳಿಯುತ್ತೆ, ಒಂದರ ಜಾಗದಲ್ಲಿ ನಾಲ್ಕು ಬರುತ್ತೆ. ಮಳೆ ಬಂದು ಮಣ್ಣು ಮೆತ್ತಗಿದ್ದಾಗ ಮರಿನ ಬೇರಿನಿಂದಲೇ ಸೀಳಿ ಕಿತ್ಬಿಡು. ಎಲೆ ಬಿಚ್ಚೋಕೆ ಮುಂಚೆ. ಎಲೆ ಬಿಚ್ಚಿದ್ರೆ ಅದು ಬಿಸಿಲಲ್ಲಿ ಮತ್ತೆ ಆಹಾರ ತಯಾರಿಸಿ ಬೇರಿಗೆ ಕಳಿಸುತ್ತೆ. ಬಿಚ್ಚದೇ ಇದ್ರೆ ಪ್ರತಿ ಸಲ ಖರ್ಚೇ, ಜಮೆ ಇಲ್ಲ. ಎರಡು ಮೂರು ವರ್ಷಕ್ಕೆ ಸುಸ್ತಾಗುತ್ತೆ."

"ಬೇರಾ, ನಾವಾ?" ಅಂದಳು ಹೆಂಡತಿ.

ಕಳೆನಾಶಕದ ಮಾತೂ ಬಂತು. ಹೊಸದಾಗಿ ಕುಯ್ದ ಮೇಲ್ಮೈಗೆ, ಒಣಗೋಕೆ ಮುಂಚೆ, ತೊಗಟೆಯ ಒಳಅಂಚಿಗೆ ಗ್ಲೈಫೋಸೇಟ್ ಹಚ್ಚಿದರೆ ಅದು ಬೇರಿಗಿಳಿಯುತ್ತದಂತೆ. ಆದರೆ 2022ರ ಕೇಂದ್ರದ ಆದೇಶ ಬಂದ ಮೇಲೆ ಅದನ್ನು ಕೀಟ ನಿಯಂತ್ರಣದವರೇ ಬಳಸಬೇಕು, ನಾವು ನೀವು ಬ್ರಶ್ ಹಿಡಿದು ಹೊರಡೋ ಹಾಗಿಲ್ಲ. ಅದಕ್ಕಿಂತ ದೊಡ್ಡ ತೊಡಕು ಕಾಂಪೌಂಡಿನ ಆಚೆ ಇತ್ತು. ಸಂಡಿಗೆ ಆಂಟಿಯ ಮನೆಯ ಹಿತ್ತಲಲ್ಲಿ ಒಂದು ಆಕಾಶಮಲ್ಲಿಗೆ ಇದೆ. ತಾನಾಗೇ ಹುಟ್ಟಿತು, ದೇವರು ಕೊಟ್ಟದ್ದು ಅಂತ ಅವರು ಅದಕ್ಕೆ ಪಾತಿ ಮಾಡಿ ನೀರು ಹಾಕಿ ಬೆಳೆಸಿದ್ದಾರೆ. ದೇವರು ಕೊಟ್ಟದ್ದು ನಮ್ಮ ಬೇರಿನ ಮೂಲಕ. ಈಗಲೂ ಎರಡಕ್ಕೂ ಬೇರು ಒಂದೇ ಇರಬಹುದು. ಇಲ್ಲಿ ಹಚ್ಚಿದ ಔಷಧಿ ಅಲ್ಲಿಗೂ ಹೋಗಬಹುದು. ಜೊತೆಗೆ, ನಾವು ಇಲ್ಲಿ ಮರಿ ಕಿತ್ತು ಬೇರನ್ನು ಉಪವಾಸ ಕೆಡವಿದರೆ ಅವರ ಮರ ಆಚೆಯಿಂದ ಅದಕ್ಕೆ ಊಟ ಕಳಿಸುತ್ತಿರುತ್ತದೆ.

ಕಾಂಪೌಂಡಿನ ಉದ್ದಕ್ಕೂ ಕಾಲುವೆ ತೋಡಿ ಬೇರು ಬೇರ್ಪಡಿಸಿ ಅಂದರು ಭಾವ. ತೋಡಿಸಿದೆವು. ಈ ಸಲ ಪೈಪ್ ಎಲ್ಲಿದೆ ಅಂತ ಮೊದಲೇ ಸುಣ್ಣದಲ್ಲಿ ಗೆರೆ ಎಳೆದಿದ್ದೆ. ಗಾಯವಾದ ಬೇರು ಆಂಟಿಯ ಕಡೆ ಇನ್ನಷ್ಟು ಮರಿ ಎಬ್ಬಿಸಿತು. ಅವರಿಗೆ ಸಂತೋಷವೋ ಸಂತೋಷ.

ಈ ನಡುವೆ ಮರಿಗಳನ್ನು ದಾನ ಮಾಡುವ ಯೋಚನೆಯೂ ಬಂದಿತ್ತು. ನಮ್ಮ ಬೀದಿಯ ಕರಿಬೇವೆಲ್ಲ ಹೀಗೇ ಹಬ್ಬಿದ್ದು. ಯಾರದೋ ಒಂದು ಗಿಡದ ಬೇರು ಮರಿ ಮನೆಯಿಂದ ಮನೆಗೆ ಹೋಗಿ ಈಗ ಎಲ್ಲರ ಒಗ್ಗರಣೆಯೂ ಒಂದೇ ತಾಯಿಯದು. ಕರಿಬೇವಿನ ಮರಿ ಕೇಳಿಕೊಂಡು ಬರುತ್ತಾರೆ. ಬಾಳೆಯ ಕಂದನ್ನೂ ಕೇಳುತ್ತಾರೆ. ಆಕಾಶಮಲ್ಲಿಗೆ ಅಂದರೆ ನಮ್ಮ ಅಂಗಳದ ಕಡೆ ಒಂದು ಸಲ ಕಣ್ಣು ಹಾಯಿಸಿ, "ಆಮೇಲೆ ನೋಡೋಣ" ಅನ್ನುತ್ತಾರೆ. ಆಫೀಸಿನ ಒಬ್ಬರ ಗೃಹಪ್ರವೇಶಕ್ಕೆ ಕುಂಡದಲ್ಲಿ ಒಂದು ಮರಿ ಇಟ್ಟು ರಿಬ್ಬನ್ ಕಟ್ಟಿ ಕೊಟ್ಟೆ. ಬಹಳ ಖುಷಿಪಟ್ಟರು. ಅವರ ಮನೆ ಮೂರನೇ ಮಹಡಿಯ ಫ್ಲಾಟು, ಕುಂಡದಿಂದಾಚೆ ಬೇರು ಹೋಗುವ ದಾರಿ ಇಲ್ಲ. ಆ ಮಟ್ಟಿಗೆ ನನ್ನ ಮನಸ್ಸಾಕ್ಷಿ ನಿರಾಳ.

ಭಾವ ಹೇಳಿದ ಕ್ರಮ ಮಾತ್ರ ನಿಜಕ್ಕೂ ಕೆಲಸ ಮಾಡುತ್ತಿದೆ. ಅದನ್ನು ಪಾಲಿಸುತ್ತಿರುವುದು ಅಮ್ಮ. ಬೆಳಗ್ಗೆ ಪೂಜೆಗೆ ಹೂವು ಕೊಯ್ಯಲು ಬುಟ್ಟಿ ಹಿಡಿದು ಹೋಗುವವರು ಹೋಗುವ ದಾರಿಯಲ್ಲೇ ಸಿಕ್ಕ ಮರಿಯನ್ನು ಪಟ್ಟನೆ ಕಿತ್ತು ಸೆರಗಿಗೆ ಹಾಕಿಕೊಳ್ಳುತ್ತಾರೆ. ಶುಕ್ರವಾರ, ಶನಿವಾರ ಅಂತ ಈಗ ನೋಡುವುದಿಲ್ಲ. ಈ ವರ್ಷ ಮರಿಗಳು ಕಡಿಮೆಯಾಗಿವೆ, ಬಂದವೂ ಸೊರಗು ಸೊರಗು. ಬೊಡ್ಡೆಯನ್ನು ನೆಲಮಟ್ಟಕ್ಕೆ ಕುಯ್ಸಿ, ಮೇಲೆ ಮಣ್ಣು, ಸಗಣಿ, ಒಂದು ಹಿಡಿ ಯೂರಿಯಾ ಹಾಕಿ ತೇವವಾಗಿ ಇಟ್ಟಿದ್ದೇವೆ, ಬೇಗ ಕೊಳೆಯಲಿ ಅಂತ. ಮಳೆಗಾಲದಲ್ಲಿ ಅದರ ಮೇಲೆ ಅಣಬೆ ಎದ್ದಿತು. ತಿನ್ನಬಹುದಾ ಅಂತ ಮೇಷ್ಟ್ರು ಕೇಳಿದರು. ಇಂಗು ಹಾಕಿದ ಮೇಲೆ ಒಗ್ಗರಣೆ ಖರ್ಚು ಉಳಿಯುತ್ತೆ ಅನ್ನೋ ಲೆಕ್ಕ ಇರಬೇಕು. ಗುರುತು ಗೊತ್ತಿಲ್ಲದ ಅಣಬೆ ಬೇಡ ಸಾರ್ ಅಂದು ಕಿತ್ತು ಹಾಕಿದೆ.

ಅಣಬೆಯ ಹಿಂದೆ ಗೆದ್ದಲು ಬಂತು. ಕೊಳೆಸುವ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಕೂಲಿಯಾಳಿಲ್ಲ ಅಂತ ನಾವು ಸುಮ್ಮನಿದ್ದೆವು. ಅದು ಬೊಡ್ಡೆ ಮುಗಿಯುವ ತನಕ ಕಾಯದೆ ನಮ್ಮ ಮುಂಬಾಗಿಲ ಚೌಕಟ್ಟಿಗೂ ಬಂದಿದೆ. ಹೋದ ವಾರ ಗೆದ್ದಲಿನ ಔಷಧಿ ಹೊಡೆಯುವ ಹುಡುಗ ಬಂದಿದ್ದ. ಚೌಕಟ್ಟು ತಟ್ಟಿ ನೋಡಿದ, ಮಣ್ಣಿನ ಜಾಡು ಹಿಡಿದು ಅಂಗಳಕ್ಕೆ ಹೋದ, ಬೊಡ್ಡೆಯ ಮೇಲಿನ ಮಣ್ಣನ್ನು ಕಾಲಿನಿಂದ ಸರಿಸಿದ.

"ಮೂಲ ಇಲ್ಲಿದೆ ಸಾರ್. ಮೊದ್ಲು ಈ ಬೊಡ್ಡೆ ತೆಗೆಸಿಬಿಡಿ. ಜೆಸಿಬಿ ಕರೆಸಿದ್ರೆ ಐದೇ ನಿಮಿಷ."

ಒಳಗಿನಿಂದ ಹೆಂಡತಿ ನಕ್ಕಿದ್ದು ಅವನಿಗೂ ಕೇಳಿಸಿತು. ನಾನು ಅವನನ್ನು ಗೇಟಿನ ಹತ್ತಿರ ಕರೆದುಕೊಂಡು ಹೋಗಿ ಎರಡೂ ಕೈ ಚಾಚಿ ತೋರಿಸಿದೆ.