ಹಂಡಾಳ ಬುಟ್ಟಿ ಮತ್ತು ನಮ್ಮ ಅಂಕೋಲೆಯ ಮಕ್ಕಳು

ಅಂಕೋಲಾ ತಾಲ್ಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರ ನಾಲ್ಕನೆಯ ತರಗತಿಗೆ ಇಂಗ್ಲಿಷ್ ಕಲಿಸುವ ನಾನು ಕಳೆದ ವಾರ ಐಲೀನ್ ಬ್ರೌನ್ ಅವರ ‘ಹಂಡಾಸ್ ಸರ್ಪ್ರೈಸ್’ ಓದಿಸಿದೆ. 1994ರಲ್ಲಿ ಬಂದ ಈ ಚಿತ್ರಪುಸ್ತಕದಲ್ಲಿ ಕೀನ್ಯಾದ ಹುಡುಗಿ ಹಂಡಾ (ಹೆಸರು ಕೇಳಿ ಮಕ್ಕಳು ಬಚ್ಚಲ ಹಂಡೆಯನ್ನು ನೆನೆದು ನಕ್ಕದ್ದಿರಲಿ) ಏಳು ಬಗೆಯ ಹಣ್ಣುಗಳ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಗೆಳತಿಯ ಹಳ್ಳಿಗೆ ಹೊರಡುತ್ತಾಳೆ. ದಾರಿಯಲ್ಲಿ ಕೋತಿ, ಉಷ್ಟ್ರಪಕ್ಷಿ, ಜೀಬ್ರಾ ಮೊದಲಾದವು ಒಂದೊಂದಾಗಿ ಹಣ್ಣು ಎಗರಿಸುತ್ತವೆ. ಆದರೆ ಈ ಕಳ್ಳತನದ ಬಗ್ಗೆ ಬರಹದಲ್ಲಿ ಒಂದು ಮಾತೂ ಇಲ್ಲ. ಎಲ್ಲವೂ ಚಿತ್ರದಲ್ಲೇ ನಡೆಯುವುದರಿಂದ, ಇಂಗ್ಲಿಷ್ ಓದಲು ತಡವರಿಸುವ ಮಗುವಿಗೂ ಹಂಡಾಳಿಗೆ ಗೊತ್ತಿಲ್ಲದ ಗುಟ್ಟು ಗೊತ್ತಿರುತ್ತದೆ.

ತನ್ನ ಅಜ್ಜಿಯೂ ಹೀಗೆಯೇ ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಹೋಗುತ್ತಾಳೆಂದು ಹಾಲಕ್ಕಿ ಸಮುದಾಯದ ಹುಡುಗಿಯೊಬ್ಬಳು ಹೇಳಿದಳು. ತಾಯಿ ಮೀನು ಮಾರುವ ಕೊಂಕಣಿ ಹುಡುಗನೊಬ್ಬ ಮಾತ್ರ ಕಥೆಯನ್ನೇ ಒಪ್ಪಲಿಲ್ಲ: “ಭಾರ ಕಮ್ಮಿಯಾದ್ರೆ ತಲೆಗೆ ಗೊತ್ತಾಗೂದಿಲ್ವಾ ಅಕ್ಕೋರೇ?” ಅವನ ತಕರಾರನ್ನು ಇಂಗ್ಲಿಷಿಗೆ ತರಲು ಇಡೀ ತರಗತಿ ಹೆಣಗಾಡಿ, ಕೊನೆಗೆ ‘ಹರ್ ಹೆಡ್ ವಿಲ್ ನೋ’ (ಅವಳ ತಲೆಗೆ ಗೊತ್ತಾಗುತ್ತದೆ) ಎಂಬಲ್ಲಿಗೆ ಮುಟ್ಟಿತು. ಹಣ್ಣುಗಳ ಹೆಸರನ್ನು ಹತ್ತು ಸಲ ಬರೆಸಿದ್ದರೆ ಆ ವಾಕ್ಯ ಹುಟ್ಟುತ್ತಿರಲಿಲ್ಲ.

ಎಲ್ಲವೂ ಇಷ್ಟು ಚೆನ್ನಾಗಿ ನಡೆಯಲಿಲ್ಲ. ಹಂಡಾಳ ಬಣ್ಣ, ಕೂದಲು ಕಂಡು ಇಬ್ಬರು ಕಿಸಕ್ಕೆಂದಾಗ ನಾನು ಪುಟ ತಿರುಗಿಸಿಬಿಟ್ಟೆ. ರಾತ್ರಿಯಿಡೀ ಅದು ಕೊರೆಯಿತು. ಮರುದಿನ ಅದೇ ಪುಟ ತೆರೆದು, ನಮ್ಮದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಡೆ ಇರುವ ಸಿದ್ದಿ ಜನರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರೆಂದು ಹೇಳಿದೆ. ಘಟ್ಟ ಹತ್ತಿದರೆ ಸಿಗುವವರ ಬಗ್ಗೆ ಮಕ್ಕಳಿಗೆ ಏನೂ ತಿಳಿದಿರಲಿಲ್ಲ. ಪರದೇಶದ ಸಂಸ್ಕೃತಿಯನ್ನು ಪರಿಚಯಿಸುತ್ತೇನೆಂದು ಹೊರಟ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಇನ್ನೊಂದು ತೊಡಕೂ ಇದೆ. ಒಂದೇ ಪುಸ್ತಕ ಓದಿದ ಮಗು, ಕೀನ್ಯಾ ಎಂದರೆ ಹಳ್ಳಿ, ಜೀಬ್ರಾ, ಬುಟ್ಟಿ ಇಷ್ಟೇ ಎಂದುಕೊಳ್ಳಬಹುದು. ನೈರೋಬಿಯ ಗಗನಚುಂಬಿ ಕಟ್ಟಡಗಳು ಈ ಕಥೆಯಲ್ಲಿಲ್ಲ. ಹಾಗಾಗಿ ಬೇರೆ ಪುಸ್ತಕಗಳೂ ಬೇಕು. ದುಬಾರಿಯೆನ್ನುವವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಸಾಕಷ್ಟು ಕಥೆಗಳು ಉಚಿತವಾಗಿ ಸಿಗುತ್ತವೆ.

ಹಂಡಾಳಿಗೆ ನಮ್ಮೂರನ್ನು ತೋರಿಸಲು ಒಂದು ಚಿತ್ರ ಬಿಡಿಸಿರೆಂದು ಕೊನೆಗೆ ಹೇಳಿದೆ. ಬೇಲೆಕೇರಿಯ ದೋಣಿ, ಹೆದ್ದಾರಿಯ ಲಾರಿ, ಇಶಾಡ ಮಾವಿನ ಮರ ಬಂದವು. ಬುಟ್ಟಿಯನ್ನು ಯಾರೂ ಬಿಡಿಸಲಿಲ್ಲ. ಅಜ್ಜಿಯ ಸುದ್ದಿ ಹೇಳಿದ ಹುಡುಗಿ ಬಿಡಿಸಿದ್ದು ಕೊಂಕಣ ರೈಲನ್ನು.