ಆ ಬೆಂಚಿನಲ್ಲಿ ಅವನೊಬ್ಬನೇ ಕುಳಿತಿದ್ದ

ಮೊನ್ನೆ ಭಾನುವಾರ ಚರ್ಚಿನಲ್ಲಿ ನಮ್ಮ ಚಿಕ್ಕಮ್ಮನ ತಿಂಗಳ ಪೂಜೆ. ಅವರು ತೀರಿಕೊಂಡ ವಿಷಯ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು, ಮಣ್ಣಿಗೂ ಬಂದಿದ್ದಿರಿ. ಆ ಪೂಜೆಯಲ್ಲಿ ಕಂಡದ್ದನ್ನು ಮೂರು ದಿನದಿಂದ ನುಂಗಿಕೊಳ್ಳಲು ನೋಡುತ್ತಿದ್ದೇನೆ, ಆಗುತ್ತಿಲ್ಲ. ಬರೆದೇಬಿಡುತ್ತೇನೆ.

ಚಿಕ್ಕಮ್ಮನ ಒಬ್ಬನೇ ಮಗ, ನನ್ನ ತಮ್ಮ, ಬಲಗಡೆಯ ಎರಡನೆಯ ಬೆಂಚಿನಲ್ಲಿ ಕುಳಿತಿದ್ದ. ಏಳು ಜನ ಕೂರುವ ಬೆಂಚು. ಹಿಂದೆ ಜಾಗ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಆದರೂ ಆ ಬೆಂಚಿನಲ್ಲಿ ಅವನೊಬ್ಬನೇ. ಅವನು ಸಲಿಂಗಿ ಎಂಬುದು ನಮ್ಮ ಧರ್ಮಕೇಂದ್ರದಲ್ಲಿ ಗುಟ್ಟೇನಲ್ಲ.

ಗುರುಗಳು ಒಬ್ಬರಿಗೊಬ್ಬರು ಶಾಂತಿ ಕೋರಿ ಎಂದರು. ಅವನು ಕೈಮುಗಿದು ಪಕ್ಕಕ್ಕೆ ತಿರುಗಿದ, ಯಾರೂ ಇರಲಿಲ್ಲ. ಹಿಂದಕ್ಕೆ ತಿರುಗಿದ. ಹಿಂದಿನ ಬೆಂಚಿನ ದಂಪತಿ, ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದವರು, ಸರಿಯಾಗಿ ಆ ಹೊತ್ತಿಗೆ ತಮ್ಮ ಹಿಂದಿನವರ ಕಡೆಗೆ ಮುಖ ಹೊರಳಿಸಿದರು. ಅವನ ಮುಗಿದ ಕೈ ಸ್ವಲ್ಪ ಹೊತ್ತು ಹಾಗೆಯೇ ನಿಂತಿತ್ತು. ಆಮೇಲೆ ನಿಧಾನವಾಗಿ ಇಳಿಯಿತು. ವಾಚನ ಓದುವ ಸರದಿ ನನ್ನದಾಗಿದ್ದರಿಂದ ಬಲಿಪೀಠದ ಪಕ್ಕದಲ್ಲಿ ಕುಳಿತಿದ್ದೆ, ಎಲ್ಲವೂ ಕಾಣುತ್ತಿತ್ತು. ಎದ್ದು ಅವನ ಬಳಿಗೆ ಹೋಗಬೇಕಿತ್ತು. ಹೋಗಲಿಲ್ಲ.

ಐದು ನಿಮಿಷದಲ್ಲಿ ಪರಮಪ್ರಸಾದ, ಬಲಿಪೀಠದ ಮುಂದೆ ಹಂಚುವ ಪವಿತ್ರ ರೊಟ್ಟಿ. ಆ ದಂಪತಿ ಕಣ್ಣು ತಗ್ಗಿಸಿಕೊಂಡು ಸಾಲಿನಲ್ಲಿ ಬಂದು ಸ್ವೀಕರಿಸಿದರು. ನಾನೂ ಸ್ವೀಕರಿಸಿದೆ. ಅವನು ಮಾತ್ರ ಬೆಂಚಿನಲ್ಲೇ ಮೊಣಕಾಲೂರಿ ಉಳಿದ. ಅವನು ಒಬ್ಬ ಗೆಳೆಯನೊಂದಿಗೆ ಬಾಳುತ್ತಿದ್ದಾನೆ. ನಮ್ಮ ಕಥೋಲಿಕ ಧರ್ಮಸಭೆ ಅದಕ್ಕೆ ಏನನ್ನುತ್ತದೆ ಎಂಬುದು ಗೊತ್ತಿರುವುದರಿಂದ ಹೆತ್ತ ತಾಯಿಯ ಪೂಜೆಯಲ್ಲೂ ಮುಂದೆ ಬರಲಿಲ್ಲ. ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗು ಎಂದು ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿದೆ. ಆ ಮಾತು ನಮ್ಮಲ್ಲಿ ಒಬ್ಬರ ಕಾಲನ್ನೂ ತಡೆಯಲಿಲ್ಲ. ತನ್ನನ್ನು ತೂಗಿ ನೋಡಿಕೊಂಡು ಹಿಂದೆ ಉಳಿದವನು ಅವನೊಬ್ಬನೇ.

ನಾನು ಧರ್ಮಸಭೆಯ ಬೋಧನೆಯನ್ನು ಬಿಟ್ಟವನಲ್ಲ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ. ಗಂಡು ಹೆಣ್ಣಿನ ಮದುವೆಯ ಆಚೆಗಿನ ದೇಹಸಂಬಂಧ ಪಾಪ ಎಂದು ನಂಬಿದ್ದೇನೆ, ಕೇಳಿದವರಿಗೆ ಹಾಗೆಯೇ ಹೇಳುತ್ತೇನೆ. ಆದರೆ ಅದನ್ನು ಪಾಪ ಎಂದ ಧರ್ಮಸಭೆಯೇ ಮುಂದಿನ ಮಾತನ್ನೂ ಹೇಳಿದೆ. ಧರ್ಮಸಭೆಯ ಬೋಧನೆಗಳ ಅಧಿಕೃತ ಗ್ರಂಥ, 1992ರಲ್ಲಿ ಬಂದ ಕ್ಯಾಟೆಕಿಸಂ ತೆಗೆದು ನೋಡಿ. 2357ನೆಯ ಪರಿಚ್ಛೇದ ಇಂಥ ಸಂಬಂಧವನ್ನು ಒಪ್ಪಲಾಗದು ಎನ್ನುತ್ತದೆ. ಅದರ ಕೆಳಗೇ ಇರುವ 2358, ಈ ಜನರನ್ನು ಗೌರವದಿಂದ, ಕರುಣೆಯಿಂದ, ಅವರ ಮನಸ್ಸನ್ನು ಅರಿತು ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯದ ಒಂದು ಸುಳಿವೂ ಇರಬಾರದು ಎನ್ನುತ್ತದೆ. ಮೊದಲನೆಯದಕ್ಕೆ ತಲೆದೂಗುವವರು ಎರಡನೆಯದನ್ನು ಯಾವ ಅಧಿಕಾರದಿಂದ ಹಾರಿಸಿಬಿಡುತ್ತಾರೆ? 2023ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಒಂದು ಸಂದರ್ಶನದಲ್ಲಿ ಪಾಪ ಬೇರೆ, ಅಪರಾಧ ಬೇರೆ ಎಂದು ಬಿಡಿಸಿ ಹೇಳಿದರು. ಒಬ್ಬರ ಮೇಲೊಬ್ಬರಿಗೆ ಪ್ರೀತಿ ಇಲ್ಲದಿರುವುದೂ ಪಾಪವೇ ಎಂದು ಅದೇ ಉಸಿರಿನಲ್ಲಿ ಹೇಳಿದರು. ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಮೊದಲರ್ಧ ಮಾತ್ರ ಓಡಾಡಿತು.

ಪತ್ರಿಕೆಗಳು ‘ಸಲಿಂಗಕಾಮಿ’ ಎಂದು ಬರೆಯುತ್ತವೆ. ಆ ಪದದೊಳಗೇ ಕಾಮ ಕುಳಿತಿದೆ. ಅದಕ್ಕೇ ಅದು ಕಿವಿಗೆ ಬಿದ್ದ ಕೂಡಲೇ ಜನರ ಕಣ್ಣ ಮುಂದೆ ಹಾಸಿಗೆ ಬರುತ್ತದೆ, ಮನುಷ್ಯ ಬರುವುದಿಲ್ಲ. ನಾನು ಕಂಡ ಹಾಸಿಗೆ ಬೇರೆ. ಚಿಕ್ಕಮ್ಮ ಎಂಟು ತಿಂಗಳು ಹಿಡಿದ ಹಾಸಿಗೆ. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಎತ್ತಿಕೊಂಡು ಹೋಗಿ ಆಟೋದಲ್ಲಿ ಕೂರಿಸಿದವನು, ಹೇಲು ಉಚ್ಚೆ ಬಳಿದವನು, ರಾತ್ರಿ ಅವರ ಪಾದ ತಿಕ್ಕುತ್ತಾ ಜಪಸರ ಹೇಳಿಸಿದವನು ಈ ನನ್ನ ತಮ್ಮ. ಮೊನ್ನೆ ಅವನಿಗೆ ಬೆನ್ನು ತೋರಿಸಿದವರಲ್ಲಿ ಒಬ್ಬರೂ ಆ ಎಂಟು ತಿಂಗಳಲ್ಲಿ ಒಂದು ಗಂಟೆ ಬಂದು ಕೂರಲಿಲ್ಲ.

ಧರ್ಮಕೇಂದ್ರದ ಹಿರಿಯರೊಬ್ಬರೊಡನೆ ಇದನ್ನು ಹೇಳಿಕೊಂಡೆ. ಅವರು ಬೈಬಲಿನಲ್ಲಿ ಪಾಪಕ್ಕಾಗಿ ದೇವರು ಸುಟ್ಟ ಪಟ್ಟಣ ಸೊದೋಮಿನ ಕಥೆ ತೆಗೆದರು, ಸ್ವರ್ಗಕ್ಕೆ ಮೊರೆಯಿಡುವ ಪಾಪ ಅದು ಎಂದರು. ಹೌದು, ಕ್ಯಾಟೆಕಿಸಂನ 1867ನೆಯ ಪರಿಚ್ಛೇದದಲ್ಲಿ ಹಾಗಿದೆ. ಅದೇ ಪರಿಚ್ಛೇದದಲ್ಲಿ ಕೂಲಿಯವನಿಗೆ ಮಾಡುವ ಅನ್ಯಾಯವೂ ಇದೆ. ಮನೆ ಕಟ್ಟಿಸುವಾಗ ಗಾರೆಯವರ ಕೊನೆಯ ವಾರದ ದುಡ್ಡನ್ನು ಕೊಡದೆ ಕಳಿಸಿದವರು ನಮ್ಮ ನಡುವೆ ಇದ್ದಾರೆ, ಹಬ್ಬದಲ್ಲಿ ತೇರಿನ ಮುಂದೆ ನಡೆಯುತ್ತಾರೆ. ಮಗನಿಗೆ ಕಾರು ಕೇಳಿ ಪಡೆದು ಮದುವೆ ಮಾಡಿದವರಿಗೆ ಮೊದಲ ಸಾಲಿನಲ್ಲೇ ಜಾಗ. ಅವರ ಪಕ್ಕದ ಜಾಗ ಯಾವತ್ತೂ ಖಾಲಿ ಬಿದ್ದದ್ದನ್ನು ನಾನು ನೋಡಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದವನ ಎಲೆಯ ನೊಣ ತೋರಿಸುವುದು ಇದೇ.

ಅವರು ಬಿಡಲಿಲ್ಲ. “ಪಾಪವನ್ನು ಪಾಪ ಎನ್ನದಿದ್ದರೆ ಮಕ್ಕಳು ಏನು ಕಲಿಯುತ್ತಾರೆ? ಹೋಗು, ಇನ್ನು ಪಾಪ ಮಾಡಬೇಡ ಎಂದು ಪ್ರಭುವೇ ಹೇಳಲಿಲ್ಲವೇ?” ಹೌದು, ಪ್ರಭು ಹೇಳಿದರು. ಆದರೆ ಯಾವಾಗ ಹೇಳಿದರು? ಯೊವಾನ್ನನ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಕಲ್ಲು ಹೊಡೆಯಲು ಎಳೆದುತಂದ ಕಥೆಯನ್ನು ನಿಧಾನವಾಗಿ ಓದಿ. ಮೊದಲು ಕಲ್ಲು ಹಿಡಿದವರನ್ನೆಲ್ಲ ಅಲ್ಲಿಂದ ಕಳಿಸಿದರು. ಆಮೇಲೆ, ನಾನೂ ನಿನಗೆ ಶಿಕ್ಷೆ ವಿಧಿಸುವುದಿಲ್ಲ ಎಂದರು. ಕೊನೆಗೆ, ಅವಳೊಬ್ಬಳೇ ಉಳಿದಾಗ, ಆ ಮಾತು. ನಾವು ಕಲ್ಲು ಹಿಡಿದವರ ಗುಂಪಿನಲ್ಲಿ ನಿಂತುಕೊಂಡು ಕೊನೆಯ ಮಾತನ್ನು ಮೊದಲು ಕೂಗುತ್ತೇವೆ. ಮಕ್ಕಳು ಕಲಿಯುವುದು ಅದನ್ನೇ.

ಇಷ್ಟು ಸಿಟ್ಟು ನನಗೆ ಅವರ ಮೇಲೆ ಮಾತ್ರವಲ್ಲ. ತಮ್ಮನಿಗೆ 19 ವರ್ಷವಾದಾಗ ಅವನನ್ನು ಊರಾಚೆಯ ಒಂದು ಪ್ರಾರ್ಥನಾ ಕೂಟಕ್ಕೆ ಕರೆದೊಯ್ದವನು ನಾನು. ಹಣೆ ಹಿಡಿದು ಅಲುಗಾಡಿಸಿ, ದೆವ್ವ ಬಿಟ್ಟುಹೋಗಲಿ ಎಂದು ಅರಚಿದರು. ಆಮೇಲೆ ಒಬ್ಬ ವೈದ್ಯರ ಬಳಿ ಮಾತ್ರೆ ಕೊಡಿಸಿದೆ. ಹಗಲಿಡೀ ಮಲಗಿರುತ್ತಿದ್ದ, ಬದಲಾಗಿದ್ದೇನೂ ಇಲ್ಲ. ಇಂಥ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾರಿದ್ದು 2022ರಲ್ಲಿ. ಅವನ ಪಾಲಿಗೆ ಬಹಳ ತಡವಾಗಿತ್ತು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, 1860ರಲ್ಲಿ ಬ್ರಿಟಿಷರು ಬರೆದಿಟ್ಟ, ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ದಂಡಸಂಹಿತೆಯ 377ನೆಯ ಸೆಕ್ಷನ್ ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದು ಎಂದರು. ಬೆಂಗಳೂರಿನ ಶಿವಾಜಿನಗರದಲ್ಲಿ ಆಗ ಯೇಸುವಿನ ತಾಯಿ ಮರಿಯಮ್ಮನ ಹಬ್ಬದ ನೊವೆನಾ, ಒಂಬತ್ತು ದಿನದ ಪ್ರಾರ್ಥನೆ, ನಡೆದಿತ್ತು. ಸಂಜೆ ಹಬ್ಬದ ಕಾವಿ ಅಂಗಿ ತೊಟ್ಟು ಬೆಸಿಲಿಕಾದ ಮುಂದಿನ ಜನಜಂಗುಳಿಯಲ್ಲಿ ನಿಂತಿದ್ದೆ. ಮೊಬೈಲಿಗೆ ಅವನ ಸಂದೇಶ ಬಂತು: “ಅಣ್ಣ, ಇವತ್ತು ಪೊಲೀಸರ ಭಯವಿಲ್ಲದೆ ಮನೆಗೆ ನಡೆದುಕೊಂಡು ಬಂದೆ.” ನಾನು ಬೈಬಲಿನಿಂದ ಸಲಿಂಗ ಸಂಬಂಧವನ್ನು ಖಂಡಿಸುವ ವಚನಗಳನ್ನು, ಸಂತ ಪೌಲರು ರೋಮನರಿಗೆ ಬರೆದ ಪತ್ರದ ಮೊದಲ ಅಧ್ಯಾಯದ 26 ಮತ್ತು 27ನ್ನು, ಕಳಿಸಿದೆ. ಬೇರೆ ಒಂದಕ್ಷರವಿಲ್ಲ. ಅವನು ಉತ್ತರ ಬರೆಯಲಿಲ್ಲ. ಅಂದಿನಿಂದ ನನ್ನ ಮನೆಗೂ ಬರಲಿಲ್ಲ.

ಪಾಪ ಎನ್ನುತ್ತಲೇ ಕರುಣೆ ತೋರಿಸುವುದು ಗಾಯ ಮಾಡಿ ಅದರ ಮೇಲೆಯೇ ಕೈ ಸವರಿದಂತೆ ಎಂದು ಕಚೇರಿಯ ಗೆಳತಿಯೊಬ್ಬಳು ಹೇಳುತ್ತಾಳೆ. ಅವಳಿಗೆ ಒಪ್ಪಿಗೆಯಾಗುವ ಉತ್ತರ ನನ್ನಲ್ಲಿಲ್ಲ. ನಂಬಿಕೆಯನ್ನು ಅಂಗಿಯಂತೆ ಕಳಚಿಡಲು ನನಗೆ ಬರುವುದಿಲ್ಲ. ಆದರೆ ಆ ನಂಬಿಕೆ ಪಕ್ಕದಲ್ಲಿ ಹೋಗಿ ಕೂರಬೇಡ ಎಂದು ನನಗೆ ಎಂದೂ ಹೇಳಿಲ್ಲ. ಕೂರದೇ ಇದ್ದದ್ದು ನಾನು.

ಮೊನ್ನೆ ಪೂಜೆ ಮುಗಿದ ಮೇಲೆ ಸಮಾಧಿಯ ಬಳಿ ಮೇಣದ ಬತ್ತಿ ಹಚ್ಚುತ್ತಿದ್ದ. ಹೋಗಿ ಕ್ಷಮೆ ಕೇಳಿದೆ. ಗಾಳಿಗೆ ಬತ್ತಿ ಆರದಂತೆ ಅಂಗೈ ಅಡ್ಡ ಹಿಡಿದುಕೊಂಡೇ, “ಆ ವಚನಗಳು ನನಗೆ ಹತ್ತನೆಯ ತರಗತಿಯಿಂದಲೇ ಬಾಯಿಪಾಠ ಅಣ್ಣ” ಎಂದ. ನೊವೆನಾಗೆ ಒಟ್ಟಿಗೆ ಹೋಗೋಣವೇ ಎಂದು ಕೇಳಿದೆ. ನೋಡೋಣ ಎಂದ.

ನಾವು ಚಿಕ್ಕವರಿದ್ದಾಗ ಹಬ್ಬಕ್ಕೆ ಚಿಕ್ಕಮ್ಮ ಒಂದೇ ತಾನಿನ ಕಾವಿ ಬಟ್ಟೆ ತಂದು ಇಬ್ಬರಿಗೂ ಅಂಗಿ ಹೊಲಿಯುತ್ತಿದ್ದರು. ಆಗಸ್ಟ್ 29ಕ್ಕೆ ಧ್ವಜಾರೋಹಣ. ನಿನ್ನೆ ಕಚೇರಿಯಿಂದ ಬರುತ್ತಾ ಎರಡು ಕಾವಿ ಅಂಗಿ ಕೊಂಡುಕೊಂಡೆ. ಅವನ ಅಳತೆ ನನಗೆ ಗೊತ್ತಿರಲಿಲ್ಲ. ಅಂದಾಜಿನ ಮೇಲೆ 40 ಕೊಡಿ ಎಂದೆ.